ಗೀಸರಿನ ಮೂರನೇ ಕರಡು

ಭಾನುವಾರ ಬೆಳಿಗ್ಗೆ ಗೀಸರು ಒಂದು ಗಂಟೆ ಗುಡುಗಿ, ಕೊನೆಗೆ ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರು ಕೊಟ್ಟಿತು. ಆ ನೀರಿನಲ್ಲಿ ಎಷ್ಟು ಉಜ್ಜಿದರೂ ಸೋಪು ನೊರೆ ಬಿಡಲಿಲ್ಲ. ಕರಡಪ್ಪನವರು ಟವೆಲು ಸುತ್ತಿಕೊಂಡು ಹಲ್ಲು ಕಡಿಯುತ್ತಾ ಹೊರಗೆ ಬಂದರು.

ಅವರು ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಹೆಸರು ಬೇರೆ ಇತ್ತು. ಮೆಟ್ಟಿಲ ಬಳಿ ಅಂಟಿಸಿದ ನೋಟೀಸುಗಳನ್ನೂ ಕೆಂಪು ಪೆನ್ನಿನಿಂದ ತಿದ್ದುತ್ತಿದ್ದುದರಿಂದ ನೆರೆಮನೆಯವರು ಇಟ್ಟ ಹೆಸರೇ ನಿಂತುಬಿಟ್ಟಿತ್ತು. ಯಾವ ಪುಸ್ತಕವನ್ನೂ ಮೂರು ಸಲ ತಿದ್ದದೆ ಅವರು ಬಿಟ್ಟವರಲ್ಲ. ಮೊದಲ ಕರಡಿನಲ್ಲಿ ದೊಡ್ಡ ತಪ್ಪು, ಎರಡನೆಯದರಲ್ಲಿ ಸಣ್ಣ ತಪ್ಪು, ಮೂರನೆಯದರಲ್ಲಿ ಬೇರೆ ಯಾರ ಕಣ್ಣಿಗೂ ಬೀಳದ ತಪ್ಪು. ಇಂಥವರನ್ನು ಕಂಡರೆ ನನಗಂತೂ ಬಹಳ ಗೌರವ.

ಹೆಂಡತಿಗೆ ಮಾತ್ರ ಅಷ್ಟು ಗೌರವ ಇರಲಿಲ್ಲ. "ಅಕ್ಷರ ತಿದ್ದೋದು ಬಿಟ್ರೆ ಮನೇಲಿ ಒಂದು ಮೊಳೆ ಹೊಡೆಯೋಕೂ ನಿಮ್ಮ ಕೈಲಾಗಲ್ಲ" ಎನ್ನುತ್ತಿದ್ದರು. ಅಂದು ಅವರು ತಂಗಿಯ ಮನೆಗೆ ಹೋಗಿದ್ದರು, ಬರುವುದು ನಾಲ್ಕು ಗಂಟೆಗೆ. ಅಷ್ಟರೊಳಗೆ ಗೀಸರನ್ನು ತಾವೇ ಸರಿಮಾಡಿ ಆಕೆಯ ಬಾಯಿಂದ ಒಂದೇ ಒಂದು ಮೆಚ್ಚುಗೆಯ ಮಾತು ಕೇಳಲೇಬೇಕು ಎಂದು ಕರಡಪ್ಪನವರು ಹಟ ತೊಟ್ಟರು.

ಮೇಲಿನ ಮನೆಯ ರಸಾಯನಶಾಸ್ತ್ರದ ಮೇಷ್ಟ್ರು ನಿವೃತ್ತರಾಗಿ ಪಾಠ ಕೇಳುವವರಿಲ್ಲದೆ ಸೊರಗಿದ್ದರು. ಕರೆಯದೆಯೇ ಇಳಿದು ಬಂದರು.

"ಗೀಸರದೇನೂ ತಪ್ಪಿಲ್ಲ ಸ್ವಾಮಿ. ನಮ್ಮ ನಲ್ಲಿ ನೀರು ಗಡಸು. ಕಾದಾಗೆಲ್ಲ ಒಳಗೆ ಸುಣ್ಣ ಕಟ್ಟುತ್ತೆ. ಕಾಯಿಲ್‌ಗೆ ಕಂಬಳಿ ಹೊದಿಸಿದ ಹಾಗೆ. ನೀರಲ್ಲಿ ನಿಂಬೆ ಉಪ್ಪು, ಅಂದ್ರೆ ಸಿಟ್ರಿಕ್ ಆಸಿಡ್, ಕರಗಿಸಿ ಹಾಕಿ, ಸುಣ್ಣ ಹೇಗೆ ಬಿಡಲ್ಲ ನೋಡೋಣ."

ಮೊದಲು ಟೀ ಕೆಟಲ್ಲಿನ ಮೇಲೆ ಪ್ರಯೋಗವಾಯಿತು. ಸುಣ್ಣ ಬುಸುಗುಟ್ಟಿ ಎದ್ದು, ತಳ ಫಳಫಳ ಹೊಳೆಯಿತು. ಇದನ್ನು ಕಂಡ ಎದುರು ಮನೆಯ ಟೈಲರಮ್ಮ ತಮ್ಮ ಸ್ಟೀಮ್ ಇಸ್ತ್ರಿಪೆಟ್ಟಿಗೆ ತಂದರು. ಅದು ಗಿರಾಕಿಗಳ ಬಟ್ಟೆಯ ಮೇಲೆಲ್ಲ ಬಿಳಿ ಪುಡಿ ಉಗುಳುತ್ತಿತ್ತಂತೆ. ಮೂರು ಸಲ ತೊಳೆದ ಮೇಲೆ ಹಬೆ ಬಿಟ್ಟು ಇನ್ನೇನೂ ಬರಲಿಲ್ಲ.

"ಅಣ್ಣಾ, ನಿಮ್ಮ ಕೈಗೆ ಚಿನ್ನದ ಕಡಗ ತೊಡಿಸಬೇಕು" ಎಂದರು ಟೈಲರಮ್ಮ. ಹಿಂದೆಯೇ ಇಡೀ ಕಟ್ಟಡದ ಕೆಟಲ್ಲುಗಳೂ ಷವರ್ ಮೂತಿಗಳೂ ಸಾಲುಗಟ್ಟಿದವು. ಮಧ್ಯಾಹ್ನದ ಹೊತ್ತಿಗೆ ಕರಡಪ್ಪನವರ ನಡಿಗೆಯೇ ಬದಲಾಗಿತ್ತು.

ಆಮೇಲೆ ಗೀಸರಿನ ಸರದಿ. ಕರೆಂಟು ತೆಗೆದು, ನೀರು ಬಸಿದು, ಮೇಲಿನ ಪೈಪಿನಿಂದ ನಿಂಬೆ ಉಪ್ಪಿನ ನೀರು ಸುರಿದರು. ಮೊದಲ ಸಲ ಹಿಟ್ಟಿನಂಥ ರಾಡಿ ಬಂತು. ಎರಡನೇ ಸಲ ತೆಳು ಚಕ್ಕೆಗಳು ಉದುರಿದವು. ನೀರು ತುಂಬಿ ಸ್ವಿಚ್ಚು ಹಾಕಿದರೆ ಹತ್ತೇ ನಿಮಿಷದಲ್ಲಿ ಹೊಗೆಯಾಡುವ ಬಿಸಿನೀರು. ಬಚ್ಚಲ ಬಾಗಿಲಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು.

"ಸಾಕು ಅಣ್ಣಾ, ಇಲ್ಲಿಗೆ ನಿಲ್ಲಿಸಿ" ಎಂದರು ಟೈಲರಮ್ಮ.

ಆದರೆ ಕರಡಪ್ಪನವರು ಮತ್ತೆ ಕರೆಂಟು ತೆಗೆದು, ನೀರು ಬಸಿದು, ಕೆಳಗಿನ ಮುಚ್ಚಳ ಬಿಚ್ಚಿ ಒಳಗೆ ಟಾರ್ಚು ಬಿಟ್ಟಿದ್ದರು. ಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಸುಣ್ಣ ಇನ್ನೂ ಕೂತಿತ್ತು.

"ಮೂರನೇ ಕರಡು ನೋಡದೆ ನಾನು ಅಚ್ಚಿಗೆ ಕಳಿಸಲ್ಲಮ್ಮ" ಎಂದರು.

ಮುಚ್ಚಳ ಮತ್ತೆ ಬಿಗಿದು ಮೂರನೇ ಸಲ ತೊಳೆದಾಗ ಅದೂ ಹೋಯಿತು. ನೀರು ತುಂಬಿದರು. ಗೀಸರಿನ ಅಡಿಯಿಂದ ಮೊದಲು ನೂಲಿನಂತೆ, ಆಮೇಲೆ ಬೆರಳು ಗಾತ್ರಕ್ಕೆ ನೀರು ಧುಮುಕಿತು. ಮೇಷ್ಟ್ರು ಸ್ಟೂಲು ಹತ್ತಿ ಅಂಗೈ ಅಡ್ಡ ಹಿಡಿದರು. ಟೈಲರಮ್ಮ ಚಿಂದಿ ಬಟ್ಟೆಯ ಗಂಟನ್ನೇ ತಂದು ನಡುಮನೆಗೆ ಒಡ್ಡು ಕಟ್ಟಿದರು. ಯಾರೋ ಓಡಿಹೋಗಿ ಬೀದಿ ತುದಿಯ ಮೆಕ್ಯಾನಿಕ್ಕನ್ನು ಕರೆತಂದರು.

ಆತ ಮೊದಲು ವಾಲ್ವು ತಿರುಗಿಸಿ ನೀರು ನಿಲ್ಲಿಸಿದ. ಅಷ್ಟು ಹೊತ್ತೂ ಅದು ಯಾರ ತಲೆಗೂ ಹೊಳೆದಿರಲಿಲ್ಲ. ಆಮೇಲೆ ಟ್ಯಾಂಕನ್ನು ಕೆಳಗಿಳಿಸಿ ಒಳಗೆ ಇಣುಕಿದ.

"ಹದಿನೈದು ವರ್ಷದ ಸರ್ವಿಸ್ ಸಾರ್ ನಂದು. ಇಷ್ಟು ಚೊಕ್ಕಟವಾಗಿ ತೊಳೆದ ಟ್ಯಾಂಕ್ ನೋಡೇ ಇಲ್ಲ."

"ಮತ್ತೆ ನೀರ್ಯಾಕೆ ಸೋರ್ತು?"

"ಟ್ಯಾಂಕ್ ತೂತಾಗಿ ವರ್ಷವೇ ಆಗಿದೆ. ಸುಣ್ಣ ಅಡ್ಡ ಕೂತು ನೀರು ಹಿಡಿದಿತ್ತು. ನೀವು ಕೊನೇಲಿ ತೆಗೆದಿದ್ದು ಅದನ್ನೇ."

ಅಷ್ಟರಲ್ಲಿ ಹೆಂಡತಿ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ನಡುಮನೆ ದಾಟಿ ಬಂದರು. ಮೆಕ್ಯಾನಿಕ್ ಅವರ ಕಡೆ ತಿರುಗಿದ.

"ಅಮ್ಮಾ, ಸುಣ್ಣ ಮುಟ್ಟದೇ ಇದ್ರೆ ಇನ್ನೂ ಎರಡು ವರ್ಷ ನಡೆಯುತ್ತೆ ಅಂತ ಹೋದ ವರ್ಷ ನೋಡೋಕೆ ಬಂದಾಗಲೇ ಹೇಳಿದ್ನಲ್ಲ."

"ನಿನಗೆ ಗೊತ್ತಿತ್ತಾ?" ಕರಡಪ್ಪನವರ ದನಿ ಕುಗ್ಗಿತ್ತು. "ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ರಿಪೇರಿಗೆ ಕೈ ಹಾಕ್ತೀರಿ ಅಂತಾನೇ ಹೇಳ್ಲಿಲ್ಲ."

ಎಲ್ಲರೂ ಬೈಗುಳಕ್ಕೆ ಕಾದರು. ಆಕೆ ಟಾರ್ಚು ತೆಗೆದುಕೊಂಡು ಟ್ಯಾಂಕಿನೊಳಗೆ ನೋಡಿದರು. ಸುತ್ತಲೂ ಬೆಳಕು ಆಡಿಸಿದರು, ಒಳಗೆ ಬೆರಳು ಹಾಕಿ ಉಜ್ಜಿ ನೋಡಿದರು.

"ಏನೇ ಹೇಳಿ" ಎಂದರು ನಿಧಾನವಾಗಿ, "ಒಂದು ಚುಕ್ಕೇನೂ ಬಿಟ್ಟಿಲ್ಲ ರೀ. ಇಷ್ಟು ಚೆನ್ನಾಗಿ ನಾನೂ ತೊಳೀತಿರಲಿಲ್ಲ."

ಇಪ್ಪತ್ತೆರಡು ವರ್ಷ ಕಾದ ಮಾತು. ಕರಡಪ್ಪನವರ ಕಣ್ಣು ತುಂಬಿ ಬಂತು. ಮರುದಿನ ಬೆಳಿಗ್ಗೆ ಆ ಮಾತನ್ನೇ ಮತ್ತೆ ಮತ್ತೆ ನೆನೆಯುತ್ತಾ, ಗಡಗಡ ನಡುಗುತ್ತಾ, ತಲೆಯ ಮೇಲೆ ತಣ್ಣೀರು ಸುರಿದುಕೊಂಡರು.