ಅಕ್ಕನ ಗಡ್ಡೆ, ಬೀದಿಯವರ ಕೀಲಿ

ಎಡವಟ್ಟು ಶುರುವಾಗಿದ್ದು ಗಾಳಿಯಿಂದ. ಕೀಲಿ ಮಾಡುವವನು ತನ್ನ ಅಕ್ಕನ ಕೈಹಿಡಿದು ಹೊಸ್ತಿಲಿನಾಚೆ ದಾಟಿಸಿದ್ದೇ ತಡ, ಹಿಂದೆ ಬಾಗಿಲು ಧಡ್ಡೆಂದು ಬಡಿದು ತನಗೆ ತಾನೇ ಬೀಗ ಹಾಕಿಕೊಂಡಿತು. ಮನೆಯ ಕೀಲಿ ಒಳಗೆ. ಬೀಗ ಬಿಚ್ಚುವ ಸಾಮಾನು ಅಂಗಡಿಯಲ್ಲಿ. ಅಂಗಡಿಯ ಕೀಲಿಯೂ ಮನೆಯೊಳಗೇ. ಬೀದಿಗೆಲ್ಲ ಬಾಗಿಲು ತೆರೆದುಕೊಟ್ಟವನು ತನ್ನ ಬಾಗಿಲ ಮುಂದೆ ಸಾಲ ಕೇಳಲು ಬಂದವನಂತೆ ನಿಂತ.

"ಆಸ್ಪತ್ರೆಗೆ ಹೊತ್ತಾಯ್ತು ಕಣೋ," ಎಂದಳು ಅಕ್ಕ, ತಲೆಯ ಹೊಲಿಗೆ ಮುಚ್ಚಿದ್ದ ಟೋಪಿ ಎಳೆದುಕೊಳ್ಳುತ್ತ.

ಅವಳ ಮೆದುಳಿನಿಂದ ತೆಗೆದ ಗಡ್ಡೆಯ ರಿಪೋರ್ಟು ಬರುವ ದಿನ ಅದು. ಮೈಕ್ರೋಸ್ಕೋಪಿನಲ್ಲಿ ನೋಡಿದ ಒಬ್ಬ ಡಾಕ್ಟರು ಅದು ನಿಧಾನಕ್ಕೆ ಬೆಳೆಯುವ ಜಾತಿ ಎಂದಿದ್ದರು. ಇನ್ನೊಬ್ಬರು, ಅಲ್ಲ, ಅವಸರದ್ದು ಎಂದಿದ್ದರು. ನಿಧಾನದ್ದಾದರೆ ಕಾದು ನೋಡಬಹುದು, ಅವಸರದ್ದಾದರೆ ಕಿರಣ ಚಿಕಿತ್ಸೆಗೆ ಓಡಬೇಕು. ಜಗಳ ಬಗೆಹರಿಸಲು ಒಂದು ಚೂರನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದ್ದರು.

ಸದ್ದು ಕೇಳಿ ಬೀದಿ ನೆರೆಯಿತು. ಎದುರುಮನೆಯ ದರ್ಜಿಯಮ್ಮ ಕೀಲಿ ಗೊಂಚಲು ಹಿಡಿದು ಬಂದಳು. "ನಮ್ಮನೇದೂ ಇದೇ ಬೀಗ, ತಗೊಳ್ಳಿ." ಕೂರಲಿಲ್ಲ. ಬೇರೆಯವರ ಕೀಲಿಯೂ ಕೂರಲಿಲ್ಲ.

ಕೊನೆಗೆ ಇಳಿದು ಬಂದವನು ಮೇಲ್ಮನೆಯ ಒಂಟಿ ಗುಮಾಸ್ತ. ಮಾತೆತ್ತಿದರೆ 'ನಮ್ಮ ಭಾವ' ಎನ್ನುವುದರಿಂದ ಎಲ್ಲರೂ ಅವನನ್ನು ಕರೆಯುವುದೇ 'ನಮ್ಭಾವ' ಎಂದು. ಲೋಕದಲ್ಲಿರುವ ಕಾಯಿಲೆಗಳೆಲ್ಲ ಅವನ ಭಾವನಿಗೆ ಬಂದು ಹೋಗಿದ್ದವು. ಆ ಭಾವ ವ್ಯಕ್ತಿಯೋ ಬರೀ ಭಾವನೆಯೋ, ಕಂಡವರಿಲ್ಲ.

"ಬೆಳಿಗ್ಗೆ ಹೊತ್ತು ತಲೆನೋವು ಬರ್ತಿತ್ತಲ್ವಾ ಅಕ್ಕಾ? ನಮ್ಮ ಭಾವಂಗೂ ಸೇಮ್!" ಎನ್ನುತ್ತ ತನ್ನ ಕೀಲಿ ತುರುಕಿ ತಿರುವಿದ. ಟಕ್! ಅರ್ಧ ಕೀಲಿ ಬೀಗದೊಳಗೇ ಉಳಿಯಿತು. "ನಮ್ಮ ಭಾವನ ಮನೇಲೂ ಹೀಗೇ ಮುರಿದಿತ್ತು!"

"ನಿಮ್ಮ ಭಾವ ಹಾಳಾಗ್ಲಿ!" ಎಂದು ಕಿರುಚಿ, ಕೀಲಿಯವನು ಅಕ್ಕನನ್ನು ಆಟೋ ಹತ್ತಿಸಿದ.

ಡಾಕ್ಟರಮ್ಮ ಬಿಡಿಸಿ ಹೇಳಿದರು. "ಗಡ್ಡೆಯ ಡಿಎನ್‌ಎ ಮೇಲೆ ಮೀಥೈಲ್ ಅನ್ನೋ ಸಣ್ಣ ಗುರುತುಗಳು ಅಂಟ್ಕೊಂಡಿರ್ತವೆ. ಒಂದೊಂದು ಜಾತಿಗೆ ಒಂದೊಂದು ವಿನ್ಯಾಸ. ಕಂಪ್ಯೂಟರು ಅದನ್ನ ಗೊತ್ತಿರೋ ಸಾವಿರಾರು ಗಡ್ಡೆಗಳ ಪಕ್ಕ ಇಟ್ಟು ನೋಡುತ್ತೆ."

"ಕೀಲಿ ಹಲ್ಲು ನೋಡಿದ ಹಾಗೆ!" ಕೀಲಿಯವನ ಮುಖ ಅರಳಿತು. "ಯಾವುದಕ್ಕೆ ಕೂತಿತು ಡಾಕ್ಟ್ರೇ?"

"ಯಾವುದಕ್ಕೂ ಇಲ್ಲ."

ಅರಳಿದ ಮುಖ ಮುದುಡಿತು. ಅಕ್ಕ ಮಾತ್ರ, "ನನ್ನಂಥದ್ದು ಇನ್ನೊಂದಿಲ್ಲ ಅಂತ ನಮ್ಮಮ್ಮ ಆಗಲೇ ಹೇಳಿದ್ಲು," ಎಂದಳು.

ಡಾಕ್ಟರಮ್ಮ ನಕ್ಕು, ಮತ್ತೆ ಗಂಭೀರವಾದರು. "ಹಾಗಂತ ಕೈಬಿಡಲ್ಲ. ಸ್ಕ್ಯಾನು, ಮಿಕ್ಕ ಪರೀಕ್ಷೆ ಎಲ್ಲ ಇಟ್ಕೊಂಡು ನಾವು ಕೂತು ತೀರ್ಮಾನ ಮಾಡ್ತೀವಿ. ನಿಮ್ಮದನ್ನೂ ಆ ಸಾವಿರಾರರ ಜೊತೆ ಸೇರಿಸಿಡ್ಲಾ? ಇಂಥದ್ದೇ ಇನ್ನೊಂದು ಬಂದ್ರೆ ಇಬ್ಬರಿಗೂ ದಾರಿ ಕಾಣಬಹುದು."

ಅಕ್ಕ ಟೋಪಿಯ ಅಂಚು ಸವರುತ್ತ ಕೂತಳು. "ಇಡಿ. ಆದ್ರೆ ಆ ಇನ್ನೊಬ್ಬರು ಬಂದ್ರೆ ನನಗೆ ಒಳ್ಳೇದು, ಬರದಿದ್ರೆ ಅವರಿಗೆ ಒಳ್ಳೇದು. ನಾನು ಏನಂತ ಬೇಡ್ಕೊಳ್ಲಿ ಡಾಕ್ಟ್ರೇ?"

ಡಾಕ್ಟರಮ್ಮ ಒಪ್ಪಿಗೆಯ ಹಾಳೆಯನ್ನು ಅವಳ ಮುಂದೆ ಸರಿಸಿದರು.

ವಾಪಸ್ಸು ಬಂದಾಗ ಬೀದಿಯೆಲ್ಲ ಮೆಟ್ಟಿಲ ಮೇಲಿತ್ತು. ಬಾಗಿಲು ಹಾಗೇ ಇತ್ತು.

"ಏನಂತೆ?"

ಎಲ್ಲರ ಬಾಯಿ ಒಂದೇ ಏಟಿಗೆ ಮುಚ್ಚಿಸುವ ಉತ್ತರ ಸಿಕ್ಕಿದೆಯೆಂದು ಕೀಲಿಯವನು ಎದೆಯುಬ್ಬಿಸಿದ. "ಯಾರದ್ದಕ್ಕೂ ಹೋಲಲ್ವಂತೆ! ಸಾವಿರಾರು ಜನರದ್ದರಲ್ಲಿ ಒಬ್ಬರದ್ದಕ್ಕೂ!"

ದರ್ಜಿಯಮ್ಮ ಗೊಂಚಲನ್ನು ಸೆರಗಿನೊಳಗೆ ಸೇರಿಸಿದಳು. ನಮ್ಭಾವ ಮಾತ್ರ, "ಅಯ್ಯೋ, ನಮ್ಮ ಭಾವಂದೂ ಅಷ್ಟೇ! ಯಾರದ್ದಕ್ಕೂ ಹೋಲ್ತಿರ್ಲಿಲ್ಲ!" ಎಂದ.

ಕೀಲಿಯವನು ಅವನ ಅಂಗಿ ಹಿಡಿದ. ಹೊಡೆಯಲು ಅಲ್ಲ. "ನಿಜವಾ? ಅವರೇ ಬೇಕಾಗಿರೋದು! ಎಲ್ಲಿದ್ದಾರೆ? ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗೋಣ ಬಾರೋ!"

ನಮ್ಭಾವ ಬೆವರಿದ. ತಲೆ ತಗ್ಗಿಸಿದ.

"ನನಗೆ ಭಾವ ಇಲ್ಲ ಕಣಣ್ಣಾ. ಹೆಂಡ್ತಿ ಇಲ್ಲ, ಅಕ್ಕತಂಗೀರೂ ಇಲ್ಲ, ಭಾವ ಎಲ್ಲಿಂದ ಬರ್ತಾನೆ? ಕಾಯಿಲೆ ಬಂದವರಿಗೆ ತಾವೊಬ್ಬರೇ ಅಂತ ಅನ್ನಿಸಬಾರದು ಅಂತ..."

ಕೀಲಿಯವನ ಕೈ ಸಡಿಲವಾಯಿತು. ಬಾಗಿಲಿಗೆ ಒರಗಿ ಕುಸಿದ. ಅರ್ಧ ಕೀಲಿಯ ಬೀಗ ಬೆನ್ನಿಗೆ ಚುಚ್ಚಿತು.

ಅಕ್ಕ ಮೆಟ್ಟಿಲ ಮೇಲೆ ಸರಿದು ನಮ್ಭಾವನಿಗೆ ಜಾಗ ಮಾಡಿಕೊಟ್ಟಳು.

"ಅದು ಇರ್ಲಿ, ಕೂತ್ಕೋ. ನಿಮ್ಮ ಭಾವಂಗೆ ಆಮೇಲೆ ವಾಸಿ ಆಯ್ತು ತಾನೇ?"