ಇಕ್ಕಳ ಹಿಡಿದವನಿಗೇ ಚಪ್ಪಾಳೆ

ಬ್ರೌಲಿಯೊ: ಭಾವ, ಕೆಂಡ ಆಗಿದೆ. ನಾನು ಮಾಂಸ ಇಡ್ತೀನಿ!

ಎವರಿಸ್ತೊ: ಅದು ಕೆಂಡ ಅಲ್ಲ ಕಣಯ್ಯ, ಇನ್ನೂ ಬೆಂಕಿ. ಜಾಲರಿ ಮೇಲೆ ಕೈ ಹಿಡಿ. ಏಳು ಎಣಿಸೋವರೆಗೆ ತಡೀಬೇಕು.

ಬ್ರೌಲಿಯೊ: ಒಂದು, ಎರಡು, ಮೂ... ಅಯ್ಯಯ್ಯಪ್ಪಾ!

ಎವರಿಸ್ತೊ: ಇನ್ನೂ ನಾಲ್ಕು ಬಾಕಿ ಇದೆ.

ಹಿತ್ತಿಲ ದ್ರಾಕ್ಷಿ ಚಪ್ಪರದಡಿ ಬೆತ್ತದ ಕುರ್ಚಿಯಲ್ಲಿ ಎವರಿಸ್ತೊ ಅಪ್ಪಣೆ ಕೊಡಿಸುತ್ತಿದ್ದ. ಗುರುವಾರ ಸಿಮೆಂಟ್ ಮೂಟೆ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತ್ತು. ಮೂಟೆ ಬಿದ್ದಲ್ಲೇ, ಬಾಗಿಲಿಗೆ ಅಡ್ಡವಾಗಿ, ಇನ್ನೂ ಬಿದ್ದಿತ್ತು. ಹತ್ತು ದಿನ ನಿಲ್ಲಕೂಡದೆಂದು ಡಾಕ್ಟರು ಹೇಳಿದ್ದರು. ಆ ನೋವನ್ನಾದರೂ ತಡೆಯಬಹುದು. ಆದರೆ ಇಪ್ಪತ್ತಾರು ವರ್ಷಗಳಿಂದ ಪ್ರತಿ ಭಾನುವಾರ ಮಾಂಸ ಸುಟ್ಟವನಿಗೆಂದು ಮನೆಮಂದಿಯೆಲ್ಲ ತನಗೆ ಹೊಡೆಯುತ್ತಿದ್ದ ಚಪ್ಪಾಳೆ ಇವತ್ತು ಹೆಂಡತಿಯ ತಮ್ಮನ ಪಾಲಾಗುತ್ತದಲ್ಲ, ಅದನ್ನು ತಡೆಯುವುದು ಹೇಗೆ? ಬಾಮೈದ ಮನೆಗೆ ಬಂದು ಮಂಚ ಹಿಡಿಯಲಿ, ಇಕ್ಕಳ ಹಿಡಿಯಬಾರದು.

ಅಂತೂ ಪಕ್ಕೆಲುಬಿನ ಹಲಗೆಯಂಥ ತುಂಡು ಜಾಲರಿಯೇರಿತು, ಮೂಳೆ ಕೆಳಗಾಗಿ.

ಬ್ರೌಲಿಯೊ: ತಿರುವಲಾ?

ಎವರಿಸ್ತೊ: ಇಟ್ಟು ಎರಡು ನಿಮಿಷ ಆಗಿಲ್ಲ! ಅದೇನು ದೋಸೆನಾ?

ಬ್ರೌಲಿಯೊ: ಇದ್ದಿಲು ಹಸಿ ಭಾವ, ಅದಕ್ಕೇ ಹೊಗೆ.

ಎವರಿಸ್ತೊ: ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಆ ಬಾಟ್ಲಿ ಏನದು?

ಬ್ರೌಲಿಯೊ: ನಿಂಬೆ, ಬೆಳ್ಳುಳ್ಳಿ, ನಾಲ್ಕು ಥರದ ಸೊಪ್ಪು. ಸವರಿದ್ರೆ ರುಚಿ...

ಎವರಿಸ್ತೊ: ಸೊಪ್ಪೆಲ್ಲ ಆ ಹಸು ಬದುಕಿದ್ದಾಗಲೇ ತಿಂದು ಮುಗಿಸಿದೆ! ಒಳ್ಳೇ ಮಾಂಸಕ್ಕೆ ಕಲ್ಲುಪ್ಪು, ಸಣ್ಣ ಕೆಂಡ, ತಾಳ್ಮೆ. ಅಷ್ಟೇ. ಕೊಡು ಇಲ್ಲಿ ಇಕ್ಕಳ!

ಬ್ರೌಲಿಯೊ: ಕೊಡಲ್ಲ. ಇವತ್ತು ಒಲೆ ನಂದು.

ಎವರಿಸ್ತೊ: ಒಲೆ ಕಟ್ಟಿದ್ದು ಯಾರು?

ಬ್ರೌಲಿಯೊ: ಇಟ್ಟಿಗೆ ಹೊತ್ತಿದ್ದು ಯಾರು?

ಕೂತಲ್ಲಿಂದಲೇ ಎವರಿಸ್ತೊ ಇಕ್ಕಳದ ಒಂದು ತುದಿ ಹಿಡಿದ. ಇನ್ನೊಂದು ತುದಿ ಬಾಮೈದನ ಕೈಯಲ್ಲಿ. ಎತ್ತು ಏರಿಗೆ, ಕೋಣ ನೀರಿಗೆ. ಇಟ್ಟಿಗೆಯಿಂದ ಶುರುವಾದ ಮಾತು ಮದುವೆಯ ದಿನದ ವೈನಿಗೆ ಹೋಯಿತು, ಅಲ್ಲಿಂದ ಫುಟ್‌ಬಾಲಿಗೆ. ನೆಲಿದಾ ಸಲಾಡಿನ ಬೋಗುಣಿ ಹಿಡಿದು ಬಂದಳು. ಗಂಡನನ್ನೂ ತಮ್ಮನನ್ನೂ ಒಮ್ಮೆ ನೋಡಿ, ಒಲೆಯ ಕಡೆ ಹೋಗಿ, ಮರಳಿ ಒಳಗೆ ಹೋದಳು. ಇಬ್ಬರಿಗೂ ಗಮನವಿಲ್ಲ.

ಎರಡು ಗಂಟೆ ಹೊತ್ತಿಗೆ ಮಾಂಸ ಮೇಜಿಗೆ ಬಂತು. ಮನೆಗೆಲ್ಲ ಹಿರಿಯಳಾದ, ಎಂಬತ್ತನಾಲ್ಕು ವರ್ಷದ ಎರ್ಮಿನಿಯಾ ಅತ್ತೆ ಕಟ್ಟುಹಲ್ಲಿನಲ್ಲಿ ಮೊದಲ ತುಂಡು ಅಗಿದಳು. ಎಲ್ಲರ ಕಣ್ಣೂ ಅವಳ ಬಾಯಿಯ ಮೇಲೆ. ಅತ್ತೆ ಎರಡನೇ ತುಂಡಿಗೆ ಕೈ ಹಾಕಿದಳು.

ಎರ್ಮಿನಿಯಾ: ಬೆಣ್ಣೆ ಕಣ್ರೋ! ಸುಟ್ಟವರಿಗೊಂದು ಚಪ್ಪಾಳೆ!

ಚಪ್ಪಾಳೆ ಸಿಡಿಯಿತು. ಬ್ರೌಲಿಯೊ ಏಳುವಷ್ಟರಲ್ಲಿ ಎವರಿಸ್ತೊ ಎದ್ದು, ಎದೆಗೆ ಕೈಯಿಟ್ಟು, ಸೊಂಟ ಬಗ್ಗಿಸಿ ನಮಸ್ಕರಿಸಿದ್ದ.

ಬ್ರೌಲಿಯೊ: ಅದು ನನ್ನ ಚಪ್ಪಾಳೆ!

ನೆಲಿದಾ: ಸಾಕು ನಿಲ್ಸಿ ಇಬ್ರೂ. ಒಂದೂವರೆ ಗಂಟೆ ಇಕ್ಕಳ ಎಳೆದಾಡಿದ್ರಿ, ಮಾಂಸಾನ ಮುಟ್ಟಲೇ ಇಲ್ಲ. ಅದಕ್ಕೇ ಈ ರುಚಿ! ಉಪ್ಪು ಹಾಕಿ, ಒಂದೇ ಒಂದು ಸಲ ತಿರುವಿದ್ದು ನಾನು. ಅದೂ ಎರಡು ಫೋರ್ಕಲ್ಲಿ.

ಬ್ರೌಲಿಯೊ ಮೆಲ್ಲಗೆ ಕೂತ. ಎವರಿಸ್ತೊ ಮಾತ್ರ ಬೆರಗಾಗಿ ತನ್ನ ಸೊಂಟ ಮುಟ್ಟಿ ನೋಡಿಕೊಂಡ.

ಎವರಿಸ್ತೊ: ನೆಲಿದಾ! ನಾನು ನಿಂತಿದ್ದೀನಿ ಕಣೇ! ಬಗ್ಗಿದೆ ಕೂಡ, ನೋವೇ ಇಲ್ಲ! ಮುಂದಿನ ಭಾನುವಾರ ಇಕ್ಕಳ ನಂದೇ!

ನೆಲಿದಾ: ತುಂಬಾ ಸಂತೋಷ ರೀ. ಬಾಗಿಲಲ್ಲಿ ಬಿದ್ದಿದೆಯಲ್ಲ ಸಿಮೆಂಟ್ ಮೂಟೆ, ಅದನ್ನೆತ್ತಿ. ಚಪ್ಪಾಳೆ ನಾನೇ ಹೊಡೀತೀನಿ.