ಮಾವ ತಂದ ಕೊಳೆತ ಮರ

ನೆಂಟರ ಮನೆಗೆ ಬಾಳೆಹಣ್ಣು ತರುವವರನ್ನು ನೀವು ಕಂಡಿದ್ದೀರಿ, ಬಿಸ್ಕತ್ತು ತರುವವರನ್ನೂ ಕಂಡಿದ್ದೀರಿ. ಕೊಳೆತ ಮರದ ತುಂಡು ತಂದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಏನು ಮಾಡುವುದು, ಅವರು ನನ್ನ ಸ್ವಂತ ಸೋದರಮಾವ!

ಐವತ್ತರ ದಶಕದ ಕೊನೆಯ ಮಾತು. ಮಾವ ಬಂಟ್ವಾಳದ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದರು. ವಾರವಿಡೀ ಗಜಕಡ್ಡಿ ಹಿಡಿದ ಕೈಗೆ ಆದಿತ್ಯವಾರ ಕಾಡು ಬೇಕು. ಬೆಳಗ್ಗಿನ ಬಸ್ಸಿಗೆ ಬೆಳುವಾಯಿಯ ನಮ್ಮ ಮನೆಗೆ ಬಂದವರೇ, ಕಾಫಿಗೂ ಮೊದಲು ಹಿಂದಿನ ಗುಡ್ಡೆ ಹತ್ತುವರು. ಆ ವರ್ಷ ಮಳೆ ಶುರುವಾದ ಮೇಲೆ ಒಂದು ದಿನ ಇಬ್ಬರು ಆಳುಗಳನ್ನು ಕರೆದುಕೊಂಡು ಹೋಗಿ, ಬಿದ್ದು ಕೊಳೆತಿದ್ದ ಮರದ ದೊಡ್ಡ ತುಂಡೊಂದನ್ನು ಹೊರಿಸಿ ತಂದು ಅಂಗಳದ ಮೂಲೆಯಲ್ಲಿ ಇಳಿಸಿದರು.

"ಇದೆಂಥ ಮಾರಾಯ? ಒಲೆಗೂ ಆಗುವುದಿಲ್ಲ," ಎಂದರು ನನ್ನ ಅಜ್ಜಿ, ಅಪ್ಪನ ತಾಯಿ.

"ಒಲೆಗಲ್ಲ ಅಮ್ಮ, ಮಕ್ಕಳ ಪಾಠಕ್ಕೆ. ಇದರೊಳಗೆ ಇಡೀ ಕಾಡು ಉಂಟು."

"ಹಾಗಾದರೆ ಹುಲಿಯೂ ಉಂಟೋ?"

"ಉಂಟು, ಕಾಲು ಮಾತ್ರ ಸ್ವಲ್ಪ ಜಾಸ್ತಿ," ಎಂದು ಮಾವ ತೊಗಟೆ ಎಬ್ಬಿಸಿದರು. ಗೇಣುದ್ದದ ಜರಿಹುಳವೊಂದು ಹೊರಗೆ ಬಿತ್ತು. ಆ ವಯಸ್ಸಿನಲ್ಲಿ ಅಜ್ಜಿ ಅಷ್ಟು ಬೇಗ ಜಗಲಿ ಹತ್ತಬಲ್ಲರೆಂದು ನಮಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ!

ಅಷ್ಟು ಗಲಾಟೆಯಾದರೂ ಅಮ್ಮ ಹೊರಗೆ ಬರಲಿಲ್ಲ. ಆ ಬೇಸಗೆಯಲ್ಲಿ ಹುಟ್ಟಿದ ನಮ್ಮ ಪುಟ್ಟ ತಂಗಿ ಮೂರೇ ದಿನಕ್ಕೆ ತೀರಿಹೋಗಿದ್ದಳು. ಅಂದಿನಿಂದ ಅಮ್ಮ ಕೋಣೆಯ ಕಿಟಕಿಯ ಬಳಿ ಕೂತಿರುವಳು. ಕರೆದರೆ ಹೂಂ ಎನ್ನುವಳು, ಬಡಿಸಿದರೆ ಎರಡು ತುತ್ತು ತಿನ್ನುವಳು. ಮನೆಯಲ್ಲಿ ಎಲ್ಲರೂ ಪಿಸುಮಾತು ಕಲಿತಿದ್ದೆವು, ಮಾವನೊಬ್ಬರನ್ನು ಬಿಟ್ಟು.

ಪಾಠವೆಂದರೆ ಇಷ್ಟೇ: ನಾನು, ತಮ್ಮ, ದೊಡ್ಡ ತಂಗಿ ಮರದ ಮುಂದೆ ಕೂತು, ಯಾರು ಬಂದರು, ಯಾರನ್ನು ತಿಂದರು ಎಂದು ಹೇಳಬೇಕು.

"ಗೆದ್ದಲು ಮರ ತಿಂತದೆ, ಕೋಳಿ ಗೆದ್ದಲು ತಿಂತದೆ, ಕೋಳಿಯನ್ನು ಮಾವ ತಿಂತಾರೆ," ಎಂದ ತಮ್ಮ.

"ಭೇಷ್! ಮಾವನನ್ನು ಯಾರು ತಿಂತಾರೆ?"

"ಅಜ್ಜಿ!"

ಮಾವ ನಕ್ಕು ನಕ್ಕು, "ಕೊನೆಗೆ ಎಲ್ಲರನ್ನೂ ಮಣ್ಣೇ ತಿನ್ನುವುದು," ಎಂದವರು ಕೋಣೆಯ ಕಡೆ ನೋಡಿ ನಾಲಗೆ ಕಚ್ಚಿಕೊಂಡರು.

ಅಜ್ಜಿ ಮಾವನನ್ನು ತಿನ್ನುತ್ತಾರೆಂದು ತಮ್ಮ ಹೇಳಿದ್ದೇನೂ ಸುಳ್ಳಲ್ಲ. ಮರದ ಸುತ್ತ ಬಿದ್ದ ತರಗೆಲೆಯನ್ನು ಅಜ್ಜಿ ಗುಡಿಸಲು ಹೋದರೆ ಮಾವ ಅಡ್ಡ ನಿಲ್ಲುವರು. "ಅಮ್ಮ, ಅದು ಕಸ ಅಲ್ಲ, ಎರೆಹುಳದ ಅಡುಗೆಮನೆ!"

"ನನ್ನ ಅಡುಗೆಮನೆಗೆ ಒಂದು ಎರೆಹುಳ ಬರಲಿ, ನಿನಗೆ ಅದರದ್ದೇ ಪಲ್ಯ!"

ಆಟಿ ತಿಂಗಳ ಜಡಿಮಳೆ ಇಳಿದ ಮೇಲಿನ ಒಂದು ಆದಿತ್ಯವಾರ. ಮಾವನ ಪಾಠ ಗಿರಾಕಿ ಕರೆಯುವ ಅಂಗಡಿಯ ದನಿಯಲ್ಲೇ ನಡೆದಿತ್ತು. ಹಿಂದಿನಿಂದ ಯಾರೋ, "ಒಮ್ಮೆ ಅಲ್ಲಿಂದ ಏಳಿ ಎಲ್ಲರೂ," ಎಂದರು.

ತಿರುಗಿ ನೋಡಿದರೆ ಅಮ್ಮ! ಬಾಗಿಲ ದಾರಂದ ಹಿಡಿದು ನಿಂತಿದ್ದಳು.

"ಅದು ಬರುವ ಹೊತ್ತು. ನೀವು ಅಲ್ಲೇ ಕೂತರೆ ಹೇಗೆ ಬರುವುದು?"

"ಯಾವುದು ಅಕ್ಕ?" ಮಾವನ ದನಿ ಮೊದಲ ಬಾರಿ ಸಣ್ಣದಾಗಿತ್ತು.

"ಕೆಂಬೂತ. ಆಚೆ ಬಿದಿರಿನ ಮೆಳೆಯಲ್ಲಿ ಮರಿ ಉಂಟು ಅದಕ್ಕೆ. ದಿನಾ ಈ ಮರದಿಂದಲೇ ಹುಳ ಹೆಕ್ಕಿಕೊಂಡು ಹೋಗ್ತದೆ, ಕಿಟಕಿಯಿಂದ ನಾನು ನೋಡ್ತಾ ಇರ್ತೇನೆ. ಆದಿತ್ಯವಾರ ಮಾತ್ರ ನಿಮ್ಮ ಬೊಬ್ಬೆಗೆ ಹೆದರಿ ಹಿಂದೆ ಹೋಗ್ತದೆ. ಮರಿಗಳಿಗೆ ಹಸಿವಾಗುವುದಿಲ್ಲವಾ?"

ನಾವೆಲ್ಲ ಬಾಯಿ ಮುಚ್ಚಿಕೊಂಡು ಜಗಲಿಗೆ ಬಂದೆವು. ಅಮ್ಮ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ತಾಮ್ರದ ಬಣ್ಣದ ರೆಕ್ಕೆಯ, ಕೆಂಪು ಕಣ್ಣಿನ ಆ ಹಕ್ಕಿ ಬೇಲಿಯ ಬುಡದಿಂದ ನಡೆದುಕೊಂಡೇ ಬಂತು. ಆಚೀಚೆ ನೋಡಿತು. ತೊಗಟೆಯ ಸಂದಿಯಿಂದ ದಪ್ಪದೊಂದು ಹುಳ ಎಳೆದು, ಕೊಕ್ಕಿನಲ್ಲಿ ಕಚ್ಚಿ ಬಿದಿರಿನ ಕಡೆ ಹಾರಿತು.

"ಕೊಂಡುಹೋಯಿತು," ಎಂದಳು ಅಮ್ಮ. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

"ಅತ್ತೆ, ಗಂಜಿ ಉಂಟಾ? ನನಗೆ ಹಸಿವಾಗ್ತದೆ."

ಅಜ್ಜಿ ಒಳಗೆ ಓಡಿದರು. ಮಾವ ಅಕ್ಕನ ಪಕ್ಕದ ಮೆಟ್ಟಿಲಲ್ಲಿ ಕುಸಿದು ಕೂತು, ಸಣ್ಣ ಮಗುವಿನ ಹಾಗೆ ಅವಳ ಸೆರಗಿನಿಂದಲೇ ಕಣ್ಣು ಒರೆಸಿಕೊಂಡರು.